ಮಣ್ಣು ಬದುಕಬೇಕಾದರೆ ಒಕ್ಕಲಿಗನ ಕಾಲು ನೆಲೆ ನಿಲ್ಲಬೇಕು

ಹುಮನಾಬಾದ, ಬಸವಕಲ್ಯಾಣ ತಾಲೂಕುಗಳಲ್ಲಿ ಎಕರೆ ಎರಡೆಕರೆಯಲ್ಲಿ ಬದನೆ, ಟೊಮೇಟೊ, ಮೆಂತ್ಯ ಬೆಳೆದು ಸಂತೆಗೆ ತರುವ ಕುಟುಂಬಗಳಿಗೆ ಇಂದು ಒಂದು ಉಪದೇಶ ಧಾರಾಳವಾಗಿ ಸಿಗುತ್ತಿದೆ: ಸರಕಾರಿ ಗೊಬ್ಬರ ಬಿಡಿರಿ, ಮಣ್ಣನ್ನು ಬದುಕಿಸಿರಿ. ಉಪದೇಶ ಸುಳ್ಳಲ್ಲ. ಅದರ ಖರ್ಚು ಯಾರ ತಲೆಯ ಮೇಲೆ ಎಂಬುದೇ ಪ್ರಶ್ನೆ.

ಈ ಭಾಗದ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಸುರಿದ ಯೂರಿಯಾ ಮಳೆಯೊಡನೆ ಇಳಿದುಹೋಗುತ್ತದೆ. ಸೊಪ್ಪು, ಹೊಟ್ಟು ಹೊದಿಸಿದರೆ ತೇವ ನಿಲ್ಲುತ್ತದೆ, ಎರೆಹುಳು ಬರುತ್ತದೆ. ಕಾಯಿಪಲ್ಲೆಯ ನಡುವೆ ಅಲಸಂದೆ, ಬದುವಿಗೆ ತೊಗರಿ ಇಟ್ಟರೆ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. 10 ಕಿಲೊ ಸಗಣಿ, ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ಬೇಳೆಹಿಟ್ಟನ್ನು 200 ಲೀಟರ್ ನೀರಿನಲ್ಲಿ ಕೊಳೆಸಿದರೆ ಒಂದೆಕರೆಗೆ ಜೀವಾಮೃತ. ಅಕ್ಕಡಿ ಸಾಲು ಬಿತ್ತುತ್ತಿದ್ದ ಹಿರಿಯರಿಗೆ ಈ ವಿಚಾರ ತೀರ ಹೊಸತಲ್ಲ.

ಆದರೆ ಆಕಳಿಲ್ಲದವನು ಸಗಣಿ ಎಲ್ಲಿಂದ ತರಬೇಕು? ಕಳೆ ಕೀಳುವ ಹೆಚ್ಚಿನ ದುಡಿತ ಮನೆಯ ಹೆಣ್ಣುಮಕ್ಕಳ ಬೆನ್ನಿಗೆ ಬೀಳುತ್ತದೆ. ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯಬಹುದು. ಸಾಹುಕಾರನ ಬಡ್ಡಿ ಇಳಿಯುವುದಿಲ್ಲ.

ಲಾವಣಿಗೆ ಹೊಲ ಮಾಡುವವನ ಪಾಡು ಇನ್ನೂ ಕಷ್ಟ. 1951ರಲ್ಲಿ ಕಾಗೋಡಿನಲ್ಲಿ ನಮ್ಮ ಸಮಾಜವಾದಿಗಳು ಎತ್ತಿದ ಕೂಗು 1974ರಲ್ಲಿ ಕಾನೂನಾಗಿ, ಗೇಣಿ ರದ್ದಾಯಿತು; ಲಕ್ಷಾಂತರ ಜನ ಭೂಮಿಯ ಒಡೆಯರಾದರು. ಅದು ದೊಡ್ಡ ಗೆಲುವು. ಆದರೆ ಗೇಣಿ ಕಾಗದದಿಂದ ಹೋಯಿತು, ಹೊಲದಿಂದ ಪೂರ್ತಿ ಹೋಗಲಿಲ್ಲ. ಈಗ ಉಳಿದಿರುವುದು ಬಾಯಿಮಾತಿನ ಲಾವಣಿ. ಮುಂದಿನ ಯುಗಾದಿಗೆ ಹೊಲ ಬಿಡಬೇಕಾದವನು ಈ ವರ್ಷ ಮಣ್ಣು ಕಟ್ಟುವನೇ? ಸಾಲದ್ದಕ್ಕೆ 2020ರ ತಿದ್ದುಪಡಿ ಒಕ್ಕಲಲ್ಲದ ಹಣವಂತರಿಗೂ ಜಮೀನು ಕೊಳ್ಳುವ ಬಾಗಿಲು ತೆರೆಯಿತು.

2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ನೈಸರ್ಗಿಕ ಕೃಷಿಗೆಂದು 2,481 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ರಸಗೊಬ್ಬರ ಸಬ್ಸಿಡಿ ಒಂದೂವರೆ ಲಕ್ಷ ಕೋಟಿಗೂ ಮೇಲೆ. ಆ ಸಬ್ಸಿಡಿಯನ್ನು ಒಮ್ಮೆಗೇ ಕಿತ್ತುಹಾಕಿರೆಂದು ನಾವು ಹೇಳುವುದಿಲ್ಲ. 2021ರಲ್ಲಿ ಶ್ರೀಲಂಕೆ ರಸಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ, ಭತ್ತದ ಬೆಳೆ ಕುಸಿದು, ಅದೇ ವರ್ಷ ಹೆಜ್ಜೆ ಹಿಂದಿಟ್ಟಿತು. ಹುಕುಮಿನಿಂದ ಮಣ್ಣು ಹದವಾಗುವುದಿಲ್ಲ.

ಇದು ನಮಗೇಕೆ ಎಂದು ಗಿರಣಿಯ ಅಣ್ಣಂದಿರು ಕೇಳಬಹುದು. ನಿಮ್ಮ ಕೂಲಿಯ ದೊಡ್ಡ ಪಾಲು ಹೊಟ್ಟೆಗೇ ಹೋಗುತ್ತದೆ. ಒಕ್ಕಲಿಗನಿಗೆ ಸಿಕ್ಕ ದರಕ್ಕೂ ನೀವು ಕೊಡುವ ದರಕ್ಕೂ ನಡುವೆ ದಲ್ಲಾಳಿ ಕುಳಿತಿದ್ದಾನೆ. ಚಿಕ್ಕ ವ್ಯಾಪಾರಿಗಳೂ ಯೋಚಿಸಲಿ: ಸಂತೆಯ ದಿನ ನಿಮ್ಮ ಅಂಗಡಿಗೆ ಬರುವುದು ಆ ಒಕ್ಕಲಿಗನ ಕಾಸೇ.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಲಾವಣಿದಾರನಿಗೆ ಕನಿಷ್ಠ ಐದು ವರ್ಷದ ಬರೆದ ಹಕ್ಕು. ಇಳುವರಿ ಇಳಿಯುವ ವರ್ಷಗಳಿಗೆ ಸರಕಾರದ ಪರಿಹಾರ. ಊರಿಗೊಂದು ಸಹಕಾರಿ ಗೊಬ್ಬರದ ಗುಂಡಿ. ಎರಡೂ ಪಟ್ಟಣಗಳ ಸಂತೆಯಲ್ಲಿ ದಲ್ಲಾಳಿಯಿಲ್ಲದ ಕಟ್ಟೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಇಲ್ಲಿಯೂ ಅಂಥದು ಸಾಧ್ಯ.

ಕಾಯಕವೇ ಕೈಲಾಸವೆಂದು ಸಾರಿದ ಕಲ್ಯಾಣದ ನೆಲವಿದು. ಕಾಯಕ ಮಾಡುವವನಿಗೆ ಆ ನೆಲದ ಮೇಲೆ ಹಕ್ಕಿಲ್ಲದಿದ್ದರೆ ಆ ಮಾತು ಬರೀ ಗೋಡೆಬರಹ.