ಸೊಂಟಕ್ಕೆ ಸಣ್ಣ ತೂತು: ಯಾರಿಗೆ ಬೇಕು, ಯಾವಾಗ ಬೇಕು?

ಕಬ್ಬು ಕಡಿಯುವ ಕಾಲ. ಕೊಳ್ಳೇಗಾಲದ ಹತ್ತಿರದ ನಮ್ಮೂರಿನಲ್ಲಿ ಚಿಕ್ಕಪ್ಪ ಕಬ್ಬಿನ ಹೊರೆಯನ್ನು ಲಾರಿಗೆ ಏರಿಸುವಾಗ ಸೊಂಟ ಹಿಡಿದುಕೊಂಡು ಕೂತುಬಿಟ್ಟರು. ಎರಡು ದಿನಕ್ಕೆ ನೋವು ಸೊಂಟ ಬಿಟ್ಟು ಬಲಗಾಲಿಗೆ ಇಳಿಯಿತು. ಪಿರ್ರೆಯಿಂದ ಹಿಮ್ಮಡಿವರೆಗೆ ಕರೆಂಟ್ ಹೊಡೆದ ಹಾಗೆ. ಕೆಮ್ಮಿದರೂ ಜೀವ ಹೋಗುತ್ತಿತ್ತು.

ಮೂರನೇ ವಾರ ಮಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಚಿಕ್ಕಪ್ಪ ನನಗೆ ಹೇಳಿದರು: "ಸಣ್ ತೂತು ಹೊಡ್ದು ಲೇಸರ್ ಬುಟ್ರೆ ಸರಿಹೋಯ್ತದಂತೆ ಕನ ಮೊಗ. ನಾಳಕ್ಕೇ ಮನೆಗ್ ಬರ್ಬೋದಂತೆ."

ಪಟ್ಟಣದ ಒಂದು ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ಆಯಿತು. "ಡಿಸ್ಕ್ ಜಾರಿದೆ, ಬಿಟ್ಟರೆ ಕಾಲೇ ಹೋಗುತ್ತೆ" ಎಂದರು. ಚಿಕ್ಕಮ್ಮನ ಓಲೆ, ಸರ ಅಡ ಬಿತ್ತು. ಐದನೇ ವಾರ ಸೂಜಿ ಹಾಕಿ ಲೇಸರ್ ಬಿಟ್ಟರು. ನೋವು ಇಳಿಯಿತು. ಹದಿನೈದು ದಿನಕ್ಕೆ ಮತ್ತೆ ಕಬ್ಬು ಹೊರಲು ಹೋದರು, ಮತ್ತೆ ಹಿಡಿದುಕೊಂಡಿತು. ಒಡವೆ ಇನ್ನೂ ಬಿಡಿಸಿಲ್ಲ.

ನೋವು ಇಳಿದದ್ದು ಲೇಸರ್‌ನಿಂದಲೋ, ಐದು ವಾರ ಕಳೆದದ್ದರಿಂದಲೋ? ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಲಿಲ್ಲ. ನಾವೆಲ್ಲ ಕೇಳಬೇಕಾದ ಪ್ರಶ್ನೆ ಇದು.

ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆ. ಹೊರಗೆ ಗಟ್ಟಿ ಪದರ, ಒಳಗೆ ಮೆತ್ತನೆಯ ತಿರುಳು. ಒಬ್ಬಟ್ಟು ತಟ್ಟುವಾಗ ಕಣಕ ಹರಿದು ಹೂರಣ ಹೊರಗೆ ಬರುತ್ತದಲ್ಲ, ಹಾಗೆ ತಿರುಳು ಹೊರಗೆ ಬಂದು ಕಾಲಿಗೆ ಹೋಗುವ ನರವನ್ನು ಒತ್ತುತ್ತದೆ. ಇದನ್ನೇ ನಾವು ಡಿಸ್ಕ್ ಜಾರಿದೆ ಎನ್ನುವುದು. ನಿಜವಾಗಿ ಏನೂ ಜಾರಿರುವುದಿಲ್ಲ. ಎಣ್ಣೆ ತಿಕ್ಕಿ ಒತ್ತಿದರೆ, ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಅದು ಒಳಕ್ಕೆ ಹೋಗಿ ಕೂರುವುದೂ ಇಲ್ಲ. ಒದೆತದಿಂದ ಹಾನಿಯೇ ಆಗಬಹುದು.

ವಿಡಿಯೊಗಳಲ್ಲಿ ಹೇಳದ ಮಾತು ಇನ್ನೊಂದಿದೆ. ಹೊರಗೆ ಬಂದ ಆ ತಿರುಳನ್ನು ಎಷ್ಟೋ ಜನರಲ್ಲಿ ದೇಹವೇ ನಿಧಾನವಾಗಿ ಕರಗಿಸುತ್ತದೆ. ಹೆಚ್ಚಿನವರಿಗೆ ಆರು ವಾರದಿಂದ ಮೂರು ತಿಂಗಳೊಳಗೆ ಕಾಲು ನೋವು ಬಹಳಷ್ಟು ಇಳಿಯುತ್ತದೆ. 2007ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ವೈದ್ಯರು ಆರರಿಂದ ಹನ್ನೆರಡು ವಾರ ಕಾಲು ನೋವು ತಿಂದಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವುದು, ಬೇಕೇ ಬೇಕಾದರೆ ಮಾತ್ರ ಆಪರೇಷನ್. ಬೇಗ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು. ಕಾದವರಲ್ಲಿ 100ಕ್ಕೆ 39 ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು, ಉಳಿದವರಿಗೆ ಬೇಕಾಗಲಿಲ್ಲ. ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ 100ಕ್ಕೆ ಸುಮಾರು 95 ಜನ ಚೇತರಿಸಿಕೊಂಡಿದ್ದರು.

ಅಂದರೆ ಆಪರೇಷನ್ ಮೋಸವಲ್ಲ. ಆದರೆ ಎಲ್ಲರಿಗೂ ಬೇಕಿಲ್ಲ.

ಸ್ಕ್ಯಾನಿಂಗ್ ವಿಷಯವೂ ಹಾಗೆಯೇ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟು ಸೇರಿಸಿ ನೋಡಿದಾಗ, 20ರ ವಯಸ್ಸಿನಲ್ಲೇ 100ಕ್ಕೆ 30 ಜನರಲ್ಲಿ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿಗೆ 84 ಜನರಲ್ಲಿ. ತಲೆಕೂದಲು ನರೆಯುವ ಹಾಗೆ ಇದು. ಆದ್ದರಿಂದ ರಿಪೋರ್ಟಿನಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದ ಮಾತ್ರಕ್ಕೆ ಹೆದರಬೇಡಿ. ಚಿತ್ರದಲ್ಲಿ ಕಂಡ ಜಾಗವೂ ನಿಮ್ಮ ಕಾಲಿನ ನೋವಿನ ಜಾಗವೂ ತಾಳೆಯಾಗಬೇಕು. ಅದನ್ನು ವೈದ್ಯರು ಕೈಯಿಂದ ಮುಟ್ಟಿ, ಕಾಲೆತ್ತಿಸಿ ನೋಡಿಯೇ ಹೇಳಬೇಕು.

ಈಗ ಸಣ್ಣ ತೂತಿನ ಮಾತು. ಇದರಲ್ಲಿ ಒಂದೇ ಚಿಕಿತ್ಸೆ ಇಲ್ಲ, ಮೂರು ಬಗೆ ಇದೆ.

ಒಂದು, ನರದ ಹತ್ತಿರ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್. ಕೆಲವರಿಗೆ ಕೆಲವು ವಾರ ಕಾಲು ನೋವು ಕಡಿಮೆಯಾಗುತ್ತದೆ, ಆ ಸಮಯದಲ್ಲಿ ದೇಹ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಡಿಸ್ಕನ್ನು ಅದು ಸರಿ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಬೇಕು. ಮೂರು ತಿಂಗಳಿಗಿಂತ ಹಳೆಯ ನೋವಿಗೆ ಇಂಥ ಇಂಜೆಕ್ಷನ್ ಬೇಡ ಎಂದು 2025ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಹೇಳಿತು. ಇಂಜೆಕ್ಷನ್ ಕೊಡುವ ತಜ್ಞರ ಸಂಘಗಳು ಅದನ್ನು ಒಪ್ಪಿಲ್ಲ.

ಎರಡು, ಸೂಜಿಯ ಮೂಲಕ ಲೇಸರ್, ಓಝೋನ್, ರೇಡಿಯೊ ಶಾಖ ಬಿಟ್ಟು ಡಿಸ್ಕಿನ ಒಳಭಾಗ ಕುಗ್ಗಿಸುವುದು. ಜಾಹೀರಾತು ಇದಕ್ಕೇ ಹೆಚ್ಚು, ಗಟ್ಟಿ ಪುರಾವೆ ಇದಕ್ಕೇ ಕಡಿಮೆ. ತಿರುಳಿನ ತುಂಡು ಪೂರ್ತಿ ಹರಿದು ಹೊರಗೆ ಬಂದಿದ್ದರೆ ಒಳಗಿನದನ್ನು ಕುಗ್ಗಿಸಿ ಪ್ರಯೋಜನ ಕಡಿಮೆ.

ಮೂರು, ನರ ಒತ್ತುತ್ತಿರುವ ತುಂಡನ್ನೇ ತೆಗೆಯುವುದು. ಮೈಕ್ರೋಸ್ಕೋಪ್ ಇಟ್ಟು ಎರಡು ಮೂರು ಸೆಂಟಿಮೀಟರ್ ಕೊಯ್ದು ತೆಗೆಯುವುದು ಹಳೆಯ, ನಂಬಿಕೆಯ ವಿಧಾನ. ಒಂದು ಸೆಂಟಿಮೀಟರ್‌ಗೂ ಕಡಿಮೆ ತೂತಿನಿಂದ ಎಂಡೋಸ್ಕೋಪ್ ಹಾಕಿ ತೆಗೆಯುವುದು ಹೊಸದು. 2022ರಲ್ಲಿ ಪ್ರಕಟವಾದ, 600ಕ್ಕೂ ಹೆಚ್ಚು ರೋಗಿಗಳ ಡಚ್ ಅಧ್ಯಯನದಲ್ಲಿ ಹೊಸದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಗಾಯ ಸಣ್ಣದು, ಮನೆಗೆ ಬೇಗ ಬರಬಹುದು. ಆದರೆ ಪಳಗಿದ ಕೈ ಬೇಕು. ಎರಡರಲ್ಲೂ ಇಳಿಯುವುದು ಮುಖ್ಯವಾಗಿ ಕಾಲು ನೋವು. ಬರೀ ಸೊಂಟ ನೋವಿಗೆ ಇದು ಮದ್ದಲ್ಲ. ತೆಗೆದ ಜಾಗದಲ್ಲೇ 100ಕ್ಕೆ 5ರಿಂದ 15 ಜನರಿಗೆ ಮತ್ತೆ ಬರುವುದೂ ಉಂಟು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ತೂತು ಎಷ್ಟು ಸಣ್ಣದು ಎನ್ನುವುದು ಕೊನೆಯ ಪ್ರಶ್ನೆ. ನನಗೆ ಇದು ಬೇಕೇ, ಈಗಲೇ ಬೇಕೇ ಎನ್ನುವುದು ಮೊದಲ ಪ್ರಶ್ನೆ.

ಹಾಗೆಂದು ಎಲ್ಲರೂ ಕಾಯಬೇಕು ಎಂದಲ್ಲ. ಯಳಂದೂರು ತಾಲ್ಲೂಕಿನ ನಮ್ಮ ನೆಂಟರ ಅಕ್ಕ ಒಬ್ಬರಿಗೆ ಸೊಂಟ ನೋವಿನ ಜೊತೆ ಎರಡೂ ಕಾಲು ಜೋಮು ಹಿಡಿಯಿತು, ಮೂತ್ರ ಕಟ್ಟಿತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಎಣ್ಣೆ ತಿಕ್ಕಿದರು. ಆಮೇಲೆ ಮೈಸೂರಿನಲ್ಲಿ ಆಪರೇಷನ್ ಆಯಿತು, ಆದರೂ ಇವತ್ತಿಗೂ ಒಂದು ಪಾದ ಎಳೆದುಕೊಂಡೇ ನಡೆಯುತ್ತಾರೆ. ಚಿಕ್ಕಪ್ಪ ಕಾಯಬೇಕಿದ್ದಾಗ ಓಡಿದರು, ಅಕ್ಕ ಓಡಬೇಕಿದ್ದಾಗ ಕಾದರು.

ಇವನ್ನು ಮನೆಯವರಿಗೆಲ್ಲ ಹೇಳಿಡಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಮಲ ತಡೆಯಲಾಗದಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಎರಡೂ ಕಾಲಿನ ಬಲ ಹೋದರೆ, ಪಾದ ಮೇಲೆತ್ತಲು ಆಗದಿದ್ದರೆ ಅದೇ ದಿನ ಹೊರಡಬೇಕು. 108ಕ್ಕೆ ಫೋನ್ ಮಾಡಿ. ಸೊಂಟ ನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ನಿಲ್ಲದ ನೋವು ಇದ್ದರೆ ಅದು ಬೆನ್ನುಮೂಳೆಯ ಕ್ಷಯ ಅಥವಾ ಬೇರೆ ಕಾಯಿಲೆ ಇರಬಹುದು, ಬೇಗ ತೋರಿಸಬೇಕು.

ಉಳಿದವರಿಗೆ ಆರು ವಾರ ಸಿಕ್ಕರೆ ಸಾಕು. ಆದರೆ ಆ ಆರು ವಾರ ಯಾರ ಹತ್ತಿರ ಇದೆ? ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕೂತವರು, ಹನೂರಿನ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವ ಹೆಣ್ಣುಮಕ್ಕಳು, ಯಳಂದೂರಿನ ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ನಾಟಿ ಹಾಕುವವರು, ಇವರಿಗೆಲ್ಲ ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಯಿತು. "ನಾಳಕ್ಕೇ ಮನೆಗೆ" ಎಂಬ ಜಾಹೀರಾತು ಗೆಲ್ಲುವುದು ಇಲ್ಲೇ. ನಮ್ಮವರು ದಡ್ಡರಾಗಿ ಮೋಸ ಹೋಗುತ್ತಿಲ್ಲ, ಕಾಯಲು ದುಡ್ಡಿಲ್ಲದೆ ಹೋಗುತ್ತಿದ್ದಾರೆ.

ಕಾಯುವುದು ಎಂದರೆ ಮಲಗುವುದೂ ಅಲ್ಲ. ಒಂದೆರಡು ದಿನ ಬಿಟ್ಟು ಮೆಲ್ಲಗೆ ನಡೆಯಬೇಕು, ಭಾರ ಹೊರಬಾರದು, ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳಬೇಕು, ವ್ಯಾಯಾಮ ಕಲಿಯಬೇಕು. ಕಲಿಸುವವರು ಫಿಸಿಯೋಥೆರಪಿಸ್ಟ್. ಅದಕ್ಕಾಗಿ ಕೊಳ್ಳೇಗಾಲದಿಂದ ಸುಮಾರು 60 ಕಿ.ಮೀ. ಮೈಸೂರಿಗೋ, ಹನೂರಿನಿಂದ ಇನ್ನೂ 25 ಕಿ.ಮೀ. ಹೆಚ್ಚಿಗೆಯೋ ಹೋಗಬೇಕಾಗಬಾರದು. ಮೂರು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲೂ ದಿನವೂ ಫಿಸಿಯೋಥೆರಪಿಸ್ಟ್ ಸಿಗಬೇಕು. ತಿಂಗಳಿಗೊಮ್ಮೆಯಾದರೂ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರು ಹನೂರಿಗೆ ಬರಬೇಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವ ಹಾಗೆ ಇದನ್ನೂ ಕೇಳೋಣ.

ಅಲ್ಲಿಯವರೆಗೆ, ಯಾರಾದರೂ ಆಪರೇಷನ್ ಅಥವಾ ಲೇಸರ್ ಎಂದರೆ ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ. ಕಾಲಿನ ಬಲ ಕಡಿಮೆಯಾಗಿದೆಯೇ, ಬರೀ ನೋವೇ? ಇನ್ನೊಂದು ತಿಂಗಳು ಕಾದರೆ ಏನಾಗುತ್ತದೆ? ನರ ಒತ್ತುವ ತುಂಡನ್ನು ತೆಗೆಯುತ್ತೀರೋ, ಸೂಜಿ ಮಾತ್ರ ಹಾಕುತ್ತೀರೋ? ಎಷ್ಟು ದಿನಕ್ಕೆ ಭಾರ ಹೊರಬಹುದು? ಆಯುಷ್ಮಾನ್ ಕಾರ್ಡಿಗೆ ಬರುತ್ತದೆಯೇ? ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಹೋಗಿ.

ಉತ್ತರ ಕೊಡಲು ಪುರಸೊತ್ತಿಲ್ಲದ ಆಸ್ಪತ್ರೆಯಾದರೆ ಎದ್ದು ಬನ್ನಿ. ಇನ್ನೊಬ್ಬ ವೈದ್ಯರಿಗೆ ತೋರಿಸಿ. ಒಡವೆ ಅಡ ಇಡುವುದು ಅದಾದ ಮೇಲಿನ ಮಾತು.