ಯುದ್ಧದ ಹೆಸರಿನಲ್ಲಿ ಕದ್ದಾಲಿಕೆ

ಹರಿಹರದಿಂದ ದಾವಣಗೆರೆಯ ಈ ಕಾಲೇಜಿಗೆ ಬಂದುಹೋಗುವ ನಾನು ನಮ್ಮ ಮನೆತನದಲ್ಲಿ ಬಿ.ಎ. ತರಗತಿ ಕಂಡ ಮೊದಲಿಗ. ಓದು ಬಾರದ ಓಣಿಯ ಹಿರಿಯರು ತಮಗೆ ಬಂದ ಕಾಗದಗಳನ್ನು ನನ್ನಿಂದಲೇ ಓದಿಸುತ್ತಾರೆ. “ಓದಿದ್ದು ಹೊಸ್ತಿಲು ದಾಟಬಾರದು, ತಮ್ಮಾ” ಎಂಬುದೊಂದೇ ಅವರ ಕರಾರು. ತಾವಾಗಿ ಕೊಟ್ಟ ಕಾಗದಕ್ಕೇ ಇಷ್ಟು ಮರ್ಯಾದೆಯಿರುವಾಗ, ಕೇಳದೆ ಕದ್ದು ಕೇಳಿದ ಮಾತಿಗೆ ಎಷ್ಟಿರಬೇಕು?

1885ರ ತಂತಿ ಕಾಯಿದೆಯು ಸಾರ್ವಜನಿಕ ತುರ್ತಿನ ಅಥವಾ ಸುರಕ್ಷತೆಯ ಕಾರಣಕ್ಕೆ, ನ್ಯಾಯಾಲಯದ ಅಪ್ಪಣೆಯಿಲ್ಲದೆಯೇ, ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಯುದ್ಧಕಾಲದಲ್ಲಿ ವೈರಿಯ ಬೇಹುಗಾರನ ಮಾತಿಗೆ ಕಿವಿಯಿಡುವುದು ತಪ್ಪೆಂದು ಯಾರೂ ಹೇಳರು. ಆದರೆ 1962ರ ಚೀನಾ ಯುದ್ಧ ಒಂದೇ ತಿಂಗಳಲ್ಲಿ ನಿಂತರೂ ಆಗ ಸಾರಿದ ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ನಡೆಯಿತು. ನೆಪದ ಆಯುಷ್ಯ ಯುದ್ಧಕ್ಕಿಂತ ದೊಡ್ಡದು! 1988ರಲ್ಲಂತೂ ಅಂಥ ತುರ್ತುಪರಿಸ್ಥಿತಿಯೂ ಇರಲಿಲ್ಲ. ಆದರೂ ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಆರೋಪ ಎದ್ದು, ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು.

2023ರ ದೂರಸಂಪರ್ಕ ಕಾಯಿದೆಯಲ್ಲಿಯೂ ನ್ಯಾಯಾಧೀಶರ ಪೂರ್ವಾನುಮತಿಯ ಮಾತಿಲ್ಲ. ಪ್ರಶ್ನಿಸಿದವನನ್ನು ದೇಶದ್ರೋಹಿಯೆಂದು ಬಾಯಿ ಮುಚ್ಚಿಸುವುದು ದೇಶರಕ್ಷಣೆಯಲ್ಲ, ಅಪ್ರಾಮಾಣಿಕತೆ. ಕಾರಣ ನಿಜವಾಗಿದ್ದರೆ ಅದನ್ನು ನ್ಯಾಯಾಧೀಶರ ಮುಂದೆ ಹೇಳಲು ಅಂಜಿಕೆ ಏಕೆ?

ಓಣಿಯ ಹಿರಿಯರ ಮುಂದೆ ನಾನು ತಲೆಯೆತ್ತಿ ನಡೆಯಬೇಕು. ಆಳುವವರಿಗೂ ನಮ್ಮ ಮುಂದೆ ಆ ಹಂಗು ಇರಲಿ.