ಮೀನಿನ ಗಾಳದಿಂದ ಪಿಂಚಣಿಯವರೆಗೆ

ಅಮೆರಿಕದ ಫ್ಲಾರಿಡಾ ರಾಜ್ಯದ ಶಾಸನಸಭೆಗೆ 1929ರಲ್ಲಿ ಇಪ್ಪತ್ತೆಂಟು ವರ್ಷದ ವಕೀಲನೊಬ್ಬ ಹೊಸದಾಗಿ ಬಂದು ಕೂತ. ಆತ ತಂದ ಮೊದಮೊದಲ ಮಸೂದೆಗಳಲ್ಲಿ ಒಂದು ತೀರಾ ಸಣ್ಣದು: 65 ದಾಟಿದವರು ಮೀನು ಹಿಡಿಯಲು ಲೈಸೆನ್ಸ್ ಶುಲ್ಕ ಕಟ್ಟಬೇಕಿಲ್ಲ. ಜೀವಮಾನವಿಡೀ ದುಡಿದವರು ಹೊಳೆದಂಡೆಯಲ್ಲಿ ಗಾಳ ಹಾಕಿ ಕೂತಾಗ ಸರ್ಕಾರ ಅವರ ಮುಂದೆಯೂ ಕೈಚಾಚಬಾರದು ಅನ್ನುವುದಷ್ಟೇ ಅದರ ಅರ್ಥ. ಆ ವಕೀಲನ ಹೆಸರು ಕ್ಲಾಡ್ ಪೆಪ್ಪರ್. ಅರವತ್ತು ವರ್ಷದ ನಂತರ, 1989ರ ಮೇ 30ರಂದು ತೀರಿಕೊಂಡಾಗ ಅವರಿಗೆ 88. ಪಾರ್ಥಿವ ಶರೀರವನ್ನು ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟದಡಿ ಅಂತಿಮ ದರ್ಶನಕ್ಕೆ ಇಟ್ಟಿದ್ದರು. ಆ ದೇಶದಲ್ಲಿ ಅಂಥ ಗೌರವ ಸಿಗುವುದು ಕೆಲವೇ ಕೆಲವರಿಗೆ.

ಪೆಪ್ಪರ್ ನನಗೆ ನೆನಪಾದದ್ದು ನಮ್ಮೂರ ಅಂಚೆ ಕಚೇರಿಯ ಸಾಲಿನಲ್ಲಿ. ಅಮ್ಮನ ಕುಟುಂಬ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಮಾಡಿಸಲು ಹೋಗಿದ್ದೆವು. ನಮ್ಮ ಮುಂದೆ ವೃದ್ಧಾಪ್ಯ ವೇತನ ತೆಗೆದುಕೊಳ್ಳಲು ಬಂದ ಒಬ್ಬ ಅಜ್ಜಿ. ಯಂತ್ರದ ಮೇಲೆ ಬೆರಳಿಟ್ಟರೆ ಹೊಂದುತ್ತಿಲ್ಲ. ‘ಒತ್ತಿ ಹಿಡಿಯಮ್ಮ, ಒರೆಸಿ ಇಡಮ್ಮ’ ಅಂತ ಸಿಬ್ಬಂದಿ ತಾಳ್ಮೆಯಿಂದಲೇ ಹೇಳುತ್ತಿದ್ದರು. ಅಜ್ಜಿ ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಇಟ್ಟರು. ಹತ್ತೂ ಬೆರಳು ಮುಗಿದವು. ನಾಟಿ, ಕಳೆ, ಪಾತ್ರೆ ಅಂತ ಐವತ್ತು ವರ್ಷ ಸವೆದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ದುಡಿದದ್ದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು? ಅಜ್ಜಿ ಅವತ್ತು ಬರಿಗೈಲಿ ಹೋದರು. ಇಂಥವರ ಪರವಾಗಿ ಸದನದಲ್ಲಿ ದಿನವೂ ಎದ್ದು ನಿಲ್ಲುವವರು ಯಾರು ಅಂತ ಯೋಚಿಸುತ್ತ ಮನೆಗೆ ಬಂದೆ.

ಪೆಪ್ಪರ್ ಹಾಗೆ ಎದ್ದು ನಿಂತವರು. ಅಲಬಾಮಾದ ಬಡ ರೈತ ಕುಟುಂಬದಲ್ಲಿ 1900ರಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಕಾನೂನು ಓದಿ, 1936ರಲ್ಲಿ ಸೆನೆಟ್ ಸೇರಿದರು. ಅದರ ಹಿಂದಿನ ವರ್ಷವಷ್ಟೇ ಅಧ್ಯಕ್ಷ ರೂಸ್‌ವೆಲ್ಟ್ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಹಾಕಿದ್ದರು. ದುಡಿಯುವಾಗ ಸಂಬಳದಿಂದ ಒಂದು ಪಾಲು, ಮಾಲೀಕರಿಂದ ಅಷ್ಟೇ ಪಾಲು, ಮುಪ್ಪಿನಲ್ಲಿ ಸಾಯುವ ತನಕ ತಿಂಗಳ ಪಿಂಚಣಿ. ಪೆಪ್ಪರ್ ಬಡವರ, ಮುದುಕರ ಪರವಾದ ಈ ಪಕ್ಷಪಾತದಿಂದ ಕೊನೆಯವರೆಗೂ ಕದಲಲಿಲ್ಲ. ತಮ್ಮ ನಿಲುವುಗಳಿಗೆ ಬೆಲೆಯನ್ನೂ ತೆತ್ತರು. ಶೀತಲ ಸಮರ ಕಾವೇರುತ್ತಿದ್ದಾಗ ರಷ್ಯಾದ ಜತೆ ಸ್ನೇಹ ಬೇಕು ಎಂದವರು ಅವರು. 1950ರ ಚುನಾವಣೆಯಲ್ಲಿ ಎದುರಾಳಿಗಳು ಅವರ ಹೆಸರಿನೊಂದಿಗೇ ಆಡಿ ‘ಕೆಂಪು ಮೆಣಸು’ ಎಂದು ಕರೆದರು, ಕಮ್ಯುನಿಸ್ಟ್ ಎಂಬ ಅರ್ಥದಲ್ಲಿ. ಸೋತರು. 1958ರಲ್ಲಿ ಮತ್ತೆ ಸೋತರು. 1962ರಲ್ಲಿ, ಬೇರೆಯವರು ರಿಟೈರ್ ಆಗಿ ಮನೆ ಕಟ್ಟಿಸುವ ವಯಸ್ಸಿನಲ್ಲಿ, ಮಿಯಾಮಿಯಿಂದ ಕೆಳಮನೆಗೆ ಗೆದ್ದು ಬಂದರು. ಮುಂದಿನ ಇಪ್ಪತ್ತಾರು ವರ್ಷ ಅಲ್ಲಿಂದ ಅಲುಗಲಿಲ್ಲ.

ಅವರ ನಿಜವಾದ ಕೆಲಸ ಶುರುವಾದದ್ದು ಆಮೇಲೆ. 1977ರಲ್ಲಿ ಕೆಳಮನೆಯ ವೃದ್ಧಾಪ್ಯ ಕುರಿತ ವಿಶೇಷ ಸಮಿತಿಗೆ ಅಧ್ಯಕ್ಷರಾದರು. ಆಗ ಅಮೆರಿಕದ ಹೆಚ್ಚಿನ ಕಂಪನಿಗಳಲ್ಲಿ 65 ತುಂಬಿದ ದಿನ ಮೇಜು ಖಾಲಿ ಮಾಡಬೇಕಿತ್ತು. ಕೈಕಾಲು ಗಟ್ಟಿಯಿರಲಿ, ಮನೆಯಲ್ಲಿ ಸಾಲವಿರಲಿ, ಯಾರೂ ಕೇಳುತ್ತಿರಲಿಲ್ಲ. ಪೆಪ್ಪರ್ ಈ ಕಡ್ಡಾಯ ನಿವೃತ್ತಿಯ ವಿರುದ್ಧ ಸಾಕ್ಷಿ ಹೇಳಿಸಿದರು. ಸಾಕ್ಷಿ ನುಡಿಯಲು ಬಂದವರಲ್ಲಿ 86 ವರ್ಷದ ಹಾರ್ಲಂಡ್ ಸ್ಯಾಂಡರ್ಸ್ ಕೂಡ ಇದ್ದರು. ಬಿಳಿ ಗಡ್ಡದ ಕರ್ನಲ್ ಸ್ಯಾಂಡರ್ಸ್. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ಪ್ರೊ. ನಂಜುಂಡಸ್ವಾಮಿಯವರ ರೈತಸಂಘದ ಪ್ರತಿಭಟನೆ ಎದುರಿಸಿದ ಕೋಳಿ ಅಂಗಡಿಯ ಮೂಲಪುರುಷ. ಅರವತ್ತು ದಾಟಿದ ಮೇಲೆ ಆ ವ್ಯಾಪಾರವನ್ನು ದೇಶವಿಡೀ ಹಬ್ಬಿಸಿದವರು. ಇವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟವಿತ್ತು.

1978ರಲ್ಲಿ ಕಾನೂನು ತಿದ್ದುಪಡಿಯಾಯಿತು. ಖಾಸಗಿ ಕೆಲಸಗಾರರಲ್ಲಿ ಬಹುಪಾಲು ಜನರಿಗೆ ವಯಸ್ಸಿನ ಗೆರೆ 65ರಿಂದ 70ಕ್ಕೆ ಏರಿತು. ಕೇಂದ್ರ ಸರ್ಕಾರದ ಬಹುತೇಕ ನೌಕರರಿಗೆ ಗೆರೆಯೇ ಅಳಿಸಿಹೋಯಿತು. 1986ರಲ್ಲಿ ಉಳಿದ ಗೆರೆಯೂ ಹೋಯಿತು. ಇವತ್ತು ಅಮೆರಿಕದಲ್ಲಿ, ಕೆಲವು ಉದ್ಯೋಗಗಳನ್ನು ಬಿಟ್ಟರೆ, ಬರೀ ವಯಸ್ಸಾಯಿತೆಂದು ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಅಲ್ಲಿನ ವಾಚನಾಲಯದ ಕೌಂಟರಿನಲ್ಲಿ, ಕಾಲೇಜಿನ ತರಗತಿಯಲ್ಲಿ ಎಪ್ಪತ್ತೈದರವರನ್ನು ನೋಡಿ ನಮ್ಮವರು ಬೆರಗಾಗುತ್ತಾರೆ. ಅದರ ಹಿಂದೆ ಎರಡೂ ಕಿವಿಗೆ ಯಂತ್ರ ಹಾಕಿಕೊಂಡು, ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು ವಾದಿಸಿದ ಒಬ್ಬ ಮುದುಕರಿದ್ದಾರೆ.

ಇದೇ ಪೆಪ್ಪರ್ 1983ರಲ್ಲಿ ಇನ್ನೊಂದು ಬದಿಗೆ ನಿಂತಂತೆ ಕಂಡರು. ಸೋಷಿಯಲ್ ಸೆಕ್ಯುರಿಟಿಯ ಖಜಾನೆ ಬರಿದಾಗುತ್ತ ಬಂದಿತ್ತು. ಅಧ್ಯಕ್ಷ ರೇಗನ್ ನೇಮಿಸಿದ, ಅಲನ್ ಗ್ರೀನ್‌ಸ್ಪ್ಯಾನ್ ಅಧ್ಯಕ್ಷತೆಯ ಆಯೋಗದಲ್ಲಿ ಪೆಪ್ಪರ್ ಸದಸ್ಯರಾಗಿದ್ದರು. ತೆರಿಗೆ ಏರಿಕೆಯನ್ನು ಬೇಗ ಜಾರಿಗೆ ತರುವುದು, ನಮ್ಮ ತುಟ್ಟಿಭತ್ಯೆಯಂಥ ವಾರ್ಷಿಕ ಏರಿಕೆಯನ್ನು ಆರು ತಿಂಗಳು ಮುಂದೂಡುವುದು, ಉಳ್ಳವರ ಪಿಂಚಣಿಯ ಒಂದು ಭಾಗಕ್ಕೆ ತೆರಿಗೆ ಹಾಕುವುದು: ಇಂಥ ಕಹಿ ಗುಳಿಗೆಗಳನ್ನು ಅವರೂ ನುಂಗಿದರು. ಆದರೆ ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸುವ ಪ್ರಸ್ತಾಪ ಸದನಕ್ಕೆ ಬಂದಾಗ ಎದ್ದು ವಿರೋಧಿಸಿದರು. ಅದರ ಬದಲು ತೆರಿಗೆಯನ್ನೇ ಸ್ವಲ್ಪ ಏರಿಸೋಣ ಎಂದರು. ಮತದಲ್ಲಿ ಸೋತರು. 1960ರಿಂದೀಚೆಗೆ ಹುಟ್ಟಿದವರಿಗೆ ಅಲ್ಲಿ ಈಗ ಪೂರ್ಣ ಪಿಂಚಣಿ 67ಕ್ಕೇ.

ಎಪ್ಪತ್ತರವರೆಗೂ ದುಡಿಯಲು ಬಿಡಿ ಎಂದವರೇ 67ರವರೆಗೆ ದುಡಿಯಿರಿ ಅನ್ನಬೇಡಿ ಎಂದರಲ್ಲ, ಇದು ಎಂಥ ನ್ಯಾಯ ಅಂತ ಆಗಲೂ ಕೇಳಿದವರಿದ್ದರು. ನನಗೆ ಇದರಲ್ಲಿ ವಿರೋಧವೇ ಕಾಣುವುದಿಲ್ಲ. ದುಡಿಯಬಲ್ಲವರನ್ನು ಹೊರಗೆ ತಳ್ಳಬಾರದು, ದುಡಿಯಲಾರದವರನ್ನು ಹಿಡಿದು ದುಡಿಸಬಾರದು. ನಿಲ್ಲಿಸುವ ದಿನವನ್ನು ದುಡಿದ ಜೀವವೇ ಆರಿಸಿಕೊಳ್ಳಬೇಕು. ಮೇಜಿನ ಮುಂದೆ ಕೂತವರ 67 ಬೇರೆ, ಗಾರೆ ಹೊತ್ತವರ 67 ಬೇರೆ. ಆಯುಷ್ಯ ಹೆಚ್ಚಿದೆ, ಆದ್ದರಿಂದ ನಿವೃತ್ತಿ ವಯಸ್ಸೂ ಹೆಚ್ಚಲಿ ಅನ್ನುವ ಸರಾಸರಿ ಲೆಕ್ಕದಲ್ಲಿ ಗಾರೆಯವರ ಸೊಂಟನೋವು ಸೇರುವುದೇ ಇಲ್ಲ. ಪೆಪ್ಪರ್ ಸೋತ ಆ ವಾದ ಗೆದ್ದ ವಾದಗಳಿಗಿಂತ ದೊಡ್ಡದು ಎಂದೇ ನನ್ನ ನಂಬಿಕೆ. 2033ರ ಸುಮಾರಿಗೆ ಆ ಪಿಂಚಣಿ ನಿಧಿ ಮತ್ತೆ ತಳ ಕಾಣಲಿದೆ ಎಂದು ಅಲ್ಲಿನ ಟ್ರಸ್ಟಿಗಳ ವರದಿ ಅಂದಾಜು ಮಾಡಿದೆ. ವಯಸ್ಸನ್ನು ಇನ್ನಷ್ಟು ಏರಿಸುವ ಮಾತೂ ಎದ್ದಿದೆ. 1983ರ ಚರ್ಚೆಯನ್ನು ಆ ಮಾತೆತ್ತಿದವರು ತೆಗೆದು ಓದಲೇಬೇಕು.

ಓದಲು ಅದು ಉಳಿದಿದೆ ಅನ್ನುವುದೇ ದೊಡ್ಡ ವಿಷಯ. ಟಲಹಾಸಿಯ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೆಪ್ಪರ್ ಮತ್ತು ಅವರ ಪತ್ನಿ ಮಿಲ್‌ಡ್ರೆಡ್ ಹೆಸರಿನ ಗ್ರಂಥಾಲಯವಿದೆ. ಅವರ ಕಡತ, ಭಾಷಣ, ಪತ್ರ, ಫೋಟೊ, ದಿನಚರಿ ಎಲ್ಲ ಅಲ್ಲಿವೆ. ಮುಪ್ಪು ಮತ್ತು ಸಾರ್ವಜನಿಕ ನೀತಿ ಕುರಿತ ಅಧ್ಯಯನ ಸಂಸ್ಥೆಯೂ ಅದೇ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನಲ್ಲಿ ನಡೆಯುತ್ತಿದೆ. ಮಿಯಾಮಿಯಲ್ಲಿ ಅವರ ಹೆಸರಿನ ಕಟ್ಟಡವಿದೆ, 2000ದಲ್ಲಿ ಅಂಚೆಚೀಟಿಯೂ ಬಂತು. ಅಂಥವು ಎಲ್ಲ ದೇಶದಲ್ಲೂ ಆಗುತ್ತವೆ. ಕಾಗದಗಳನ್ನು ಕಾಪಾಡುವುದು ಬೇರೆ ಥರದ ಗೌರವ. ಸತ್ತವರ ಜತೆ ವಾದ ಮಾಡಲು ಬದುಕಿದವರಿಗೆ ಸಿಗುವ ಅವಕಾಶ ಅದು.

ಕಾಗದ ಉಳಿಸಿದರೆ ಕಲೆಗಳೂ ಉಳಿಯುತ್ತವೆ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ಮಸೂದೆ 1938ರಲ್ಲಿ ಸೆನೆಟ್ಟಿಗೆ ಬಂದಾಗ ಅದನ್ನು ಮಾತಿನಲ್ಲೇ ಮುಳುಗಿಸಿದ ದಕ್ಷಿಣದ ಸದಸ್ಯರಲ್ಲಿ ಪೆಪ್ಪರ್ ಕೂಡ ಇದ್ದರು. ಬಡವರ ಪಕ್ಷಪಾತಿಯ ಕರುಣೆ ಬಣ್ಣದ ಗೆರೆಯಲ್ಲಿ ನಿಂತುಹೋಗಿತ್ತು. ಅದನ್ನು ಮರೆಮಾಚಿ ಕಟ್ಟಿದ ಸ್ಮಾರಕಕ್ಕೆ ಬೆಲೆಯಿಲ್ಲ. ಮುಂದಿನ ವರ್ಷಗಳಲ್ಲಿ ಕಪ್ಪು ಮತದಾರರನ್ನು ದೂರವಿಡುತ್ತಿದ್ದ ಮತತೆರಿಗೆಯ ವಿರುದ್ಧ ಅದೇ ಮನುಷ್ಯ ಹೋರಾಡಿದರು ಎಂಬುದೂ ಆ ದಾಖಲೆಯಲ್ಲೇ ಇದೆ.

ಅವರು ಮುಗಿಸಲಾಗದ ಕೆಲಸವೊಂದಿತ್ತು. ಮಿಲ್‌ಡ್ರೆಡ್ 1979ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ದೀರ್ಘಕಾಲ ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳಲು ಸರ್ಕಾರದ ವಿಮೆಯಿಂದ ನೆರವು ಕೊಡಬೇಕೆಂದು ಪೆಪ್ಪರ್ 1988ರಲ್ಲಿ ಮಸೂದೆ ತಂದರು, ಸದನ ತಳ್ಳಿಹಾಕಿತು. ಮರುವರ್ಷ ಅವರೇ ಇರಲಿಲ್ಲ. ಅವರ ಹೆಸರಿನಿಂದಲೇ ಕರೆಸಿಕೊಂಡ ಆಯೋಗ 1990ರಲ್ಲಿ ಇದೇ ದಿಕ್ಕಿನ ಶಿಫಾರಸು ಮಾಡಿತು. ಅದೂ ಕಪಾಟು ಸೇರಿತು. ಅಮೆರಿಕದಂಥ ಸಿರಿವಂತ ದೇಶದಲ್ಲಿ ಇವತ್ತಿಗೂ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಮಗಳು ಕೆಲಸ ಬಿಡುತ್ತಾಳೆ.

ಇದು ದೂರದ ಕಥೆ ಅಂತ ನಾನು ಅಂದುಕೊಂಡಿಲ್ಲ. ವೀಸಾ ಮೇಲೆ ಅಲ್ಲಿ ದುಡಿಯುವ ಕನ್ನಡದ ಮಕ್ಕಳ ಸಂಬಳದಿಂದಲೂ 6.2% ಆ ನಿಧಿಗೇ ಹೋಗುತ್ತದೆ. ಸುಮಾರು ಹತ್ತು ವರ್ಷ ತುಂಬದೆ ಮರಳಿದರೆ ಪಿಂಚಣಿ ಇಲ್ಲ. ಎರಡು ದೇಶಗಳ ದುಡಿಮೆಯನ್ನು ಕೂಡಿಸಿ ಲೆಕ್ಕ ಹಿಡಿಯುವ ಒಪ್ಪಂದ ಬೇರೆ ಹಲವು ದೇಶಗಳಿಗಿದೆ, ಭಾರತಕ್ಕೆ ಇಲ್ಲ. ನಮ್ಮ ಸಂಸದರು ದೆಹಲಿಯಲ್ಲಿ ಎತ್ತಬೇಕಾದ ಮಾತು ಇದು.

ಇನ್ನು ನಮ್ಮಲ್ಲೇ. 60ರಿಂದ 79ರ ವಯಸ್ಸಿನ ಬಡ ವೃದ್ಧರಿಗೆ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಆ ಯೋಜನೆಗೆ ಇಂದಿರಾ ಗಾಂಧಿ ಹೆಸರು ಬಂದಾಗಲೂ ಅಷ್ಟೇ ಇತ್ತು. ಮಿಕ್ಕದ್ದನ್ನು ರಾಜ್ಯಗಳು ತುಂಬುತ್ತಿವೆ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1000 ರೂಪಾಯಿ ಆಯಿತು, ಅಲ್ಲಿಗೇ ನಿಂತಿತು. ಸರ್ಕಾರಿ ನೌಕರರ ತುಟ್ಟಿಭತ್ಯೆ ಮಾತ್ರ ಬೆಲೆಯ ಹಿಂದೆಯೇ ಏರುತ್ತದೆ. ಏರಲಿ, ಅದು ನ್ಯಾಯವೇ. ಅಂಚೆ ಕಚೇರಿಯ ಆ ಅಜ್ಜಿಗೂ ಅಕ್ಕಿಯ ಬೆಲೆ ಅದೇ ಅಲ್ಲವೇ? ಅಮೆರಿಕದಲ್ಲಿ 1975ರಿಂದ ಪಿಂಚಣಿ ಬೆಲೆಯೇರಿಕೆಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ವೃದ್ಧರು ಪ್ರತಿ ಬಾರಿ ಮೆರವಣಿಗೆ ಹೋಗಿ ಕೇಳಬೇಕಿಲ್ಲ.

ನಮ್ಮಲ್ಲೂ ಇಂಥ ಮಾತು ಆಡಿದ ಶಾಸಕರಿದ್ದರು. ವೃದ್ಧಾಪ್ಯ ವೇತನಕ್ಕೆ, ವಿಧವಾ ವೇತನಕ್ಕೆ, ಕೂಲಿಕಾರರ ಪಿಂಚಣಿಗೆ ಸದನದಲ್ಲಿ ಗಂಟಲು ಹರಿದುಕೊಂಡವರು. ಅವರು ತೀರಿಕೊಂಡಾಗ ವೃತ್ತಕ್ಕೆ ಹೆಸರಿಡುತ್ತೇವೆ, ಪುತ್ಥಳಿಗೆ ಹಾರ ಹಾಕುತ್ತೇವೆ. ಮನೆಯ ಅಟ್ಟದ ಟ್ರಂಕಿನಲ್ಲಿದ್ದ ಅರ್ಜಿ, ಟಿಪ್ಪಣಿ, ಹಳ್ಳಿಯವರು ಬರೆದ ಕಾರ್ಡುಗಳು ರದ್ದಿಯವರ ತಕ್ಕಡಿ ಸೇರುತ್ತವೆ. ಯಾವ ಊರಿನ ಯಾವ ಮುದುಕಿ ಯಾವ ವರ್ಷ ಏನು ಕೇಳಿದ್ದಳು ಎಂಬ ಚರಿತ್ರೆ ಕಿಲೋ ಲೆಕ್ಕದಲ್ಲಿ ಹೋಗಿಬಿಡುತ್ತದೆ.

ನಿಮ್ಮ ಮನೆಯಲ್ಲಿ ಹಿಂದೆ ಶಾಸಕರಾಗಿದ್ದವರು, ಪಂಚಾಯಿತಿ ನಡೆಸಿದವರು, ಕಾರ್ಮಿಕ ಸಂಘ ಕಟ್ಟಿದವರು ಯಾರಾದರೂ ಇದ್ದರೆ ಅವರ ಟ್ರಂಕನ್ನು ಈ ಭಾನುವಾರ ಕೆಳಗಿಳಿಸಿ. ದೂಳು ಕೊಡವಿ, ಓದಿ ನೋಡಿ. ನಿಮಗೆ ಇಟ್ಟುಕೊಳ್ಳಲು ಆಗದಿದ್ದರೆ ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ಬರೆದು ತಿಳಿಸಿ. ತೂಕಕ್ಕೆ ಮಾತ್ರ ಹಾಕಬೇಡಿ.